ಅಡಿಕೆ ಗೋದಾಮಿನಲ್ಲಿ ಎಂಟು ತಿಂಗಳು

(ಶಿವಮೊಗ್ಗದಲ್ಲಿ ಚಿತ್ರಕಲಾ ಶಿಕ್ಷಕರು ಮತ್ತು ಆಸಕ್ತರ ಮುಂದೆ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಾಗರದಲ್ಲಿ ನಮ್ಮ ಪುಟ್ಟ ಗ್ಯಾಲರಿ ಶುರುವಾದ ಮೊದಲ ವಾರ ನಾನು ಅತಿ ಜಾಸ್ತಿ ಕೇಳಿದ ಮಾತು ಒಂದೇ. "ಟೀಚರ್ರೇ, ಒಳಗೆ ಬರಬಹುದಾ?" ಬಾಗಿಲು ಪೂರ್ತಿ ತೆಗೆದಿರುತ್ತಿತ್ತು. ಟಿಕೆಟ್ ಇಲ್ಲ, ಎಲ್ಲರೂ ಬನ್ನಿ ಅಂತ ಬೋರ್ಡೂ ಹಾಕಿದ್ದೆವು. ಆದರೂ ಜನ ಹೊಸ್ತಿಲ ಆಚೆ ಚಪ್ಪಲಿ ಬಿಟ್ಟು, ಕುತ್ತಿಗೆ ಮಾತ್ರ ಒಳಗೆ ಚಾಚಿ ಕೇಳುತ್ತಿದ್ದರು. ಬನ್ನಿ ಅಂದ ಮೇಲೆ ಬರುತ್ತಿದ್ದರು. ಬಂದವರು ಗೋಡೆ ಪಕ್ಕದಲ್ಲಿ ಕೈ ಹಿಂದೆ ಕಟ್ಟಿಕೊಂಡು ಸರಸರ ಒಂದು ಸುತ್ತು ಹಾಕಿ, "ಚೆನ್ನಾಗಿದೆ" ಅಂದು ಹೊರಟುಬಿಡುತ್ತಿದ್ದರು.

ಇದು ನನಗೆ ತುಂಬ ದಿನ ಕಾಡಿತು. ಯಾಕೆಂದರೆ ನಮ್ಮ ಊರಿನವರಿಗೆ ಕಲೆ ಹೊಸದಲ್ಲ. ಏಳೆಂಟು ಕಿಲೋಮೀಟರ್ ಆಚೆ ಹೆಗ್ಗೋಡಿದೆ. 1949ರಲ್ಲಿ ಅಲ್ಲಿ ನೀನಾಸಂ ನಾಟಕ ಸಂಸ್ಥೆ ಹುಟ್ಟಿತು. ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಇಡೀ ಸೀಮೆ ಸಂಭ್ರಮಪಟ್ಟಿತ್ತು. ಅಡಿಕೆ ಸುಲಿಯುವವರು, ಗದ್ದೆ ಮಾಡುವವರು ಷೇಕ್ಸ್‌ಪಿಯರ್ ನಾಟಕ ನೋಡಿ, ಆಮೇಲೆ ಚಾ ಕುಡಿಯುತ್ತ ಅದರ ಬಗ್ಗೆ ಜಗಳ ಆಡುವ ಊರು ನಮ್ಮದು. ರಾತ್ರಿಯಿಡೀ ಯಕ್ಷಗಾನ ನೋಡುವವರು. ಇಂಥವರು ಒಂದು ಚಿತ್ರದ ಮುಂದೆ ಯಾಕೆ ಹೀಗೆ ಹಿಂಜರಿಯುತ್ತಾರೆ?

ನನಗೆ ಹೊಳೆದದ್ದು ಇಷ್ಟು. ನಾಟಕಕ್ಕೆ ಹೋದರೆ ಕೂರೋಕೆ ಜಾಗ ಇರುತ್ತದೆ. ಯಾವಾಗ ಶುರು, ಯಾವಾಗ ಮುಗಿಯಿತು ಅಂತ ಗೊತ್ತಾಗುತ್ತದೆ. ನಕ್ಕರೆ ಎಲ್ಲರ ಜೊತೆ ನಗಬಹುದು. ಚಿತ್ರದ ಮುಂದೆ ಹಾಗಲ್ಲ. ಎಷ್ಟು ಹೊತ್ತು ನಿಲ್ಲಬೇಕು ಅಂತ ಯಾರೂ ಹೇಳುವುದಿಲ್ಲ. ಸುಮ್ನೆ ನಿಂತರೆ ಪಕ್ಕದವರು ಏನಂದುಕೊಳ್ಳುತ್ತಾರೋ ಅನ್ನುವ ಮುಜುಗರ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿದ ನಾನು ಮಕ್ಕಳಿಗೆ ಬಿಡಿಸೋದು ಹೇಳಿಕೊಟ್ಟಿದ್ದೆ. ಲೋವರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆ ಪಾಸು ಮಾಡಿಸಿದ್ದೆ. ನೋಡೋದು ಹೇಗೆ ಅಂತ ಒಂದು ದಿನವೂ ಹೇಳಿಕೊಟ್ಟಿರಲಿಲ್ಲ. ಇದನ್ನು ಇವತ್ತು ನಿಮ್ಮಂಥ ಶಿಕ್ಷಕರ ಮುಂದೆ ಹೇಳಲೇಬೇಕು ಅನ್ನಿಸಿತು.

ಹಾಗಾಗಿ ಮೊದಲ ತಿಂಗಳೇ ನಾಲ್ಕು ಬೆಂಚು ತಂದು ಹಾಕಿದೆವು. ಒಂದು ಶಾಲೆಯವರು ಹಳೆಯದು ಅಂತ ಹೊರಗಿಟ್ಟಿದ್ದ ಬೆಂಚುಗಳು. ಅದೊಂದರಿಂದಲೇ ಜನ ನಿಲ್ಲುವ ಹೊತ್ತು ಬದಲಾಯಿತು. ಕೂತವರು ಮಾತಾಡುತ್ತಾರೆ. ಮಾತಾಡುತ್ತ ಮತ್ತೆ ತಲೆ ಎತ್ತಿ ನೋಡುತ್ತಾರೆ.

ಜಾಗದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಅದು ಹಳೆಯ ಅಡಿಕೆ ಗೋದಾಮು. ಜಂಬಿಟ್ಟಿಗೆ ಕಲ್ಲಿನ ಗೋಡೆ, ಮೇಲೆ ನಾಡ ಹಂಚು. ಬಿಸಿಲು ಏರಿದ ಹೊತ್ತಿಗೆ ಈಗಲೂ ಗೋಡೆಯಿಂದ ಒಣ ಅಡಿಕೆಯ ವಾಸನೆ ಬರುತ್ತದೆ. ಜಂಬಿಟ್ಟಿಗೆಗೆ ಮೊಳೆ ಹೊಡೆದರೆ ನಿಲ್ಲುವುದಿಲ್ಲ, ಪುಡಿ ಉದುರುತ್ತದೆ. ಅದಕ್ಕೆ ಗೋಡೆಯ ಮೇಲ್ಭಾಗದಲ್ಲಿ ಉದ್ದಕ್ಕೂ ಮರದ ಪಟ್ಟಿ ಕೂರಿಸಿ, ಅದರಿಂದ ತಂತಿ ಇಳಿಬಿಟ್ಟು ಚಿತ್ರ ತೂಗುಹಾಕುತ್ತೇವೆ. ದೊಡ್ಡ ಗ್ಯಾಲರಿಗಳಲ್ಲಿ ಚಿತ್ರದ ನಡುಭಾಗ ನೆಲದಿಂದ ಸುಮಾರು 145 ಸೆಂಟಿಮೀಟರ್ ಎತ್ತರಕ್ಕೆ ಬರುವ ಹಾಗೆ ನೇತುಹಾಕುವುದು ರೂಢಿ. ನಾವೂ ಹಾಗೇ ಮಾಡಿದ್ದೆವು. ಆಮೇಲೆ ನೋಡಿದರೆ ಬರುವವರಲ್ಲಿ ಅರ್ಧ ಜನ ಶಾಲೆ ಮಕ್ಕಳು, ಬೆನ್ನು ಬಾಗಿದ ಅಜ್ಜಿಯರು. ಒಂದು ಗೇಣು ಇಳಿಸಿದೆವು. ಎತ್ತರದವರು ಸ್ವಲ್ಪ ಬಗ್ಗಿ ನೋಡಿದರೆ ತೊಂದರೆ ಏನಿಲ್ಲ, ಅಲ್ವಾ?

ನಮ್ಮ ಮಳೆಗಾಲದಲ್ಲಿ ಕಾಗದ, ಬಟ್ಟೆ ಯಾವುದನ್ನೂ ಗೋಡೆಗೆ ಹಾಕಿ ಬಿಡುವ ಹಾಗಿಲ್ಲ. ಹಾಗಾಗಿ ನಮ್ಮ ಪ್ರದರ್ಶನಗಳ ವರ್ಷ ಅಕ್ಟೋಬರಿನಲ್ಲಿ ಶುರುವಾಗಿ ಮೇ ಕೊನೆಗೆ ಮುಗಿಯುತ್ತದೆ. ಎಂಟು ತಿಂಗಳು. ಆ ಎಂಟು ತಿಂಗಳ ಕಥೆ ಹೇಳುತ್ತೇನೆ.

ಮೊದಲನೆಯದು ಭೂಮಣ್ಣಿ ಬುಟ್ಟಿ. ಇದು ನಮ್ಮ ಕಡೆಯ ದೀವರು ಅನ್ನುವ ಸಮುದಾಯದವರ ಮನೆಗಳಲ್ಲಿ ಭೂಮಿ ಹುಣ್ಣಿಮೆಗೆ ತಯಾರಾಗುವ ಬುಟ್ಟಿ. ಆಶ್ವಯುಜದ ಹುಣ್ಣಿಮೆ. ಬೇರೆ ಕಡೆ ಸೀಗೆ ಹುಣ್ಣಿಮೆ ಅನ್ನುತ್ತಾರೆ. ಆ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆ ಬಂದಿರುತ್ತದೆ. ಭೂಮಿತಾಯಿ ಬಸುರಿ, ಅವಳಿಗೆ ಬಯಕೆ ಊಟ ಕೊಡಬೇಕು. ಬಿದಿರ ಬುಟ್ಟಿಗೆ ಸಗಣಿ ಮೆತ್ತಿ, ಒಣಗಿಸಿ, ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಹಿಂದಿನ ರಾತ್ರಿಯಿಡೀ ಅಡುಗೆ. ಬೆಳಕು ಹರಿಯುವ ಮುಂಚೆ ಬುಟ್ಟಿ ಹೊತ್ತು ಗದ್ದೆಗೆ ಹೋಗುತ್ತಾರೆ. ಪೂಜೆ ಮಾಡಿ, ಊಟವನ್ನು ಗದ್ದೆಗೆ ಬೀರಿ, ಅಲ್ಲೇ ಕೂತು ಉಣ್ಣುತ್ತಾರೆ.

ನಾವು ಹಳ್ಳಿ ಹಳ್ಳಿ ತಿರುಗಿ ಬುಟ್ಟಿ ಕೇಳಿದೆವು. ಹಳೆಯದು, ಹೊಸದು, ಅರ್ಧ ಬರೆದದ್ದು ಎಲ್ಲ ಬಂತು. ಒಂದು ಬುಟ್ಟಿಯನ್ನು ಹತ್ತಿರದಿಂದ ನೋಡಿದ್ದು ನನಗೆ ಈಗಲೂ ಕಣ್ಣಲ್ಲಿದೆ. ಬುಟ್ಟಿಯ ಮೈ ಉಬ್ಬುತಗ್ಗು, ನೇಯ್ದ ಬಿದಿರಿನ ಕಡ್ಡಿ ಮಣ್ಣಿನಡಿ ಅಲೆಅಲೆಯಾಗಿ ಕಾಣುತ್ತದೆ. ಅದರ ಮೇಲೆ ಸುತ್ತ ಎಳೆದ ಗೆರೆ ಎಲ್ಲೂ ನಡುಗಿಲ್ಲ. ಶುರುವಾದ ಜಾಗಕ್ಕೇ ಬಂದು ಕೂಡಿದೆ. ಎಲ್ಲಿ ಕೂಡಿತು ಅಂತ ಹುಡುಕಿದರೂ ಸಿಗಲಿಲ್ಲ. ಬುಡದ ಹತ್ತಿರ ಒಂದು ಹೆಬ್ಬೆರಳಿನ ಗುರುತು ಮಾತ್ರ ಇತ್ತು. ಬಿಳಿ ಮೆತ್ತಿದ ಹೆಬ್ಬೆರಳು. ಬುಟ್ಟಿಯನ್ನು ಹಿಡಿದುಕೊಂಡ ಜಾಗ.

ಪ್ರದರ್ಶನ ಒಂದು ತಿಂಗಳು ಅಂತ ಆಮಂತ್ರಣ ಅಚ್ಚು ಹಾಕಿಸಿದ್ದೆವು. ಇಲ್ಲಿ ನಾವೊಂದು ದೊಡ್ಡ ತಪ್ಪು ಮಾಡಿದ್ದೆವು. ಹುಣ್ಣಿಮೆ ಆ ತಿಂಗಳ ನಡುವೆಯೇ ಬರುತ್ತಿತ್ತು. ಬುಟ್ಟಿ ಕೊಟ್ಟವರಿಗೆ ಅದು ಗೊತ್ತಿತ್ತು. ನಮಗೂ ಗೊತ್ತಿರಬಹುದು ಅಂದುಕೊಂಡಿದ್ದರು. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಒಬ್ಬೊಬ್ಬರೇ ಬಂದರು. "ಬುಟ್ಟಿ ಬೇಕಿತ್ತು ಟೀಚರ್ರೇ." ನಾನು ಮೊದಲು ಒಂದು ಕ್ಷಣ ಗಾಬರಿಯಾದೆ. ಬೆಂಗಳೂರಿನಿಂದ ಜನ ನೋಡೋಕೆ ಬರುವವರಿದ್ದರು. ಆಮೇಲೆ ನನ್ನ ಎದುರು ನಿಂತ ಅಜ್ಜಿ ಬುಟ್ಟಿಯನ್ನು ಸ್ಟ್ಯಾಂಡಿನಿಂದ ಎತ್ತಿ, ಸೆರಗಿನಲ್ಲಿ ಧೂಳು ಒರೆಸಿ, ಸೊಂಟಕ್ಕೆ ಇಟ್ಟುಕೊಂಡ ರೀತಿ ನೋಡಿದೆ. ಬುಟ್ಟಿ ಇರಬೇಕಾದ ಜಾಗ ಅದೇ. ನಮ್ಮ ಸ್ಟ್ಯಾಂಡ್ ಅಲ್ಲ.

ಮೂರು ದಿನದಲ್ಲಿ ಗೋದಾಮು ಖಾಲಿಯಾಯಿತು. ಸ್ಟ್ಯಾಂಡ್ ತೆಗೆಯಲಿಲ್ಲ. ಒಂದೊಂದರ ಮೇಲೂ 'ಹಬ್ಬಕ್ಕೆ ಹೋಗಿದೆ' ಅಂತ ಚೀಟಿ ಇಟ್ಟೆವು. ಹುಣ್ಣಿಮೆ ಆದ ಮೇಲೆ ಅರ್ಧಕ್ಕೂ ಹೆಚ್ಚು ಬುಟ್ಟಿ ತಾವಾಗಿಯೇ ವಾಪಸ್ ಬಂದವು. ಕೆಲವದರ ಒಳಗೆ ಅನ್ನದ ಅಗುಳು ಇನ್ನೂ ಅಂಟಿಕೊಂಡಿತ್ತು, ಅಂಚಿನಲ್ಲಿ ಗದ್ದೆಯ ಕೆಸರು. ನಾವು ಒರೆಸಲಿಲ್ಲ. ನನ್ನನ್ನು ಕೇಳಿದರೆ ಆ ಎರಡನೆಯ ಪ್ರದರ್ಶನವೇ ನಿಜವಾದದ್ದು.

ಹೊರಗಿನಿಂದ ಬಂದವರೊಬ್ಬರು ಒಂದು ಬುಟ್ಟಿಗೆ ಬೆಲೆ ಕೇಳಿದರು. ಆ ಮನೆಯಾಕೆ, "ಇದು ಕೊಡಾಕೆ ಆಗಲ್ಲ. ಬೇರೆ ಬರ್ದು ಕೊಡ್ತೀನಿ, ಹದಿನೈದು ದಿನ ಬಿಟ್ಟು ಬನ್ನಿ" ಅಂದರು. ಬೆಲೆಯನ್ನೂ ಚೆನ್ನಾಗಿಯೇ ಹೇಳಿದರು. ಹಬ್ಬದ ಬುಟ್ಟಿ ಬೇರೆ, ಮಾರುವ ಬುಟ್ಟಿ ಬೇರೆ ಅನ್ನುವುದು ಅವರಿಗೆ ಸ್ಪಷ್ಟವಾಗಿತ್ತು.

ನವೆಂಬರಿನಲ್ಲಿ ಹಸೆ ಗೋಡೆ ಚಿತ್ತಾರ. ಮದುವೆ ಮನೆಯಲ್ಲಿ ಗಂಡು ಹೆಣ್ಣು ಹಸೆಗೆ ಕೂರುವ ಗೋಡೆಯ ಮೇಲೆ ಬರೆಯುವ ಚಿತ್ತಾರ ಇದು. ಕಾಗದದ ಮೇಲೆ, ಬಟ್ಟೆಯ ಮೇಲೆ ಬರೆದ ಚಿತ್ತಾರ ಈಗ ಎಲ್ಲ ಕಡೆ ಸಿಗುತ್ತದೆ. ಮಣ್ಣಿನ ಗೋಡೆ ಹೋಗಿ ಸಿಮೆಂಟ್ ಗೋಡೆ ಬಂದ ಮೇಲೆ ಕಲೆ ಹಾಗೆ ಕಾಗದಕ್ಕೆ ಬಂತು. ಆದರೆ ನಮ್ಮ ಹತ್ತಿರ ಗೋಡೆಯೇ ಇತ್ತಲ್ಲ. ನಾಲ್ಕು ಜನ ಹೆಂಗಸರು ಬಂದು ಪಡುಗೋಡೆಗೆ ಕೆಮ್ಮಣ್ಣು ಸಾರಿಸಿ ಬರೆದರು. ನೆನೆಸಿ ಅರೆದ ಅಕ್ಕಿಯಿಂದ ಬಿಳಿ. ಕರ್ರಗೆ ಹುರಿದ ಅಕ್ಕಿಯಿಂದ ಕಪ್ಪು. ಗುರಿಗೆ ಕಾಯಿಯಿಂದ ಹಳದಿ. ಬ್ರಷ್ ಅಂದರೆ ಪುಂಡಿ ನಾರು. ನಾರಿನ ತುದಿಯನ್ನು ಜಜ್ಜಿ ಕುಂಚ ಮಾಡಿಕೊಳ್ಳುತ್ತಾರೆ. ಸ್ಕೇಲಿಲ್ಲ, ಪೆನ್ಸಿಲ್ ಗುರುತಿಲ್ಲ. ನಾರನ್ನು ಅದ್ದಿ, ಗೋಡೆಗೆ ಮಲಗಿಸಿ, ಉಸಿರು ಹಿಡಿದು ಎಳೆಯುತ್ತಾರೆ. ನಾನು ಹತ್ತಿರ ನಿಂತು ಒಂದು ಗೆರೆ ಎಳೆದು ನೋಡಿದೆ. ಅಷ್ಟು ವರ್ಷ ಬೋರ್ಡಿನ ಮೇಲೆ ಬರೆದ ಕೈ ನನ್ನದು. ಗೆರೆ ಹಾವಿನ ಹಾಗೆ ಹರಿಯಿತು. ಪಕ್ಕದಲ್ಲಿದ್ದಾಕೆ ಏನೂ ಹೇಳದೆ ಕೆಮ್ಮಣ್ಣಿನಲ್ಲಿ ಅದನ್ನು ಮುಚ್ಚಿ, ಅಲ್ಲೇ ಇನ್ನೊಂದು ಎಳೆದರು.

ಈ ಪ್ರದರ್ಶನದಲ್ಲಿ ನಾವು ಕಲಿತ ಪಾಠ ಒಂದು ಸಣ್ಣ ಚೀಟಿಯದ್ದು. ಗೋಡೆಯ ಪಕ್ಕ ನಾವು ಅಂಟಿಸಿದ ಚೀಟಿಯಲ್ಲಿ ಹೀಗಿತ್ತು: 'ಹಸೆ ಚಿತ್ತಾರ, ದೀವರ ಸಾಂಪ್ರದಾಯಿಕ ಕಲೆ, ಸಾಗರ ತಾಲೂಕು.' ಬರೆದವರಲ್ಲಿ ಕಿರಿಯಾಕೆ, ಇಪ್ಪತ್ತೈದರ ಆಸುಪಾಸಿನವಳು, ಅದನ್ನು ಎರಡು ಸಲ ಓದಿದಳು. ಆಮೇಲೆ ಕೇಳಿದಳು. "ಮೇಡಂ, ಯಾರು ಬರ್ದಿದ್ದು ಅಂತ ಹಾಕಿಲ್ವಲ್ಲ?"

ನನಗೆ ಮುಖ ಎತ್ತಲು ಆಗಲಿಲ್ಲ. ಯಾಕೆಂದರೆ ಮಾರ್ಚಿನಲ್ಲಿ ಬರಲಿದ್ದ ಜಲವರ್ಣ ಕಲಾವಿದನ ಹೆಸರನ್ನು ನಾವು ಆಗಲೇ ದೊಡ್ಡ ಅಕ್ಷರದಲ್ಲಿ ಬ್ಯಾನರಿಗೆ ಬರೆಸಿ ಇಟ್ಟಿದ್ದೆವು. ಅವನು ಕಲಾವಿದ, ಇವರು ಸಂಪ್ರದಾಯ. ಅವನಿಗೆ ಹೆಸರಿದೆ, ಇವರಿಗೆ ತಾಲೂಕು ಇದೆ. ನಾವು ಬೇಕಂತ ಮಾಡಿದ್ದಲ್ಲ. ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿ ನೋಡಿ ನೋಡಿ ಕಣ್ಣಿಗೆ ಅದೇ ರೂಢಿಯಾಗಿತ್ತು. ಮೈಸೂರಿನ ಕಲಾವಿದ ಕೆ. ವೆಂಕಟಪ್ಪ ಚಿತ್ರಗಾರರ ಮನೆತನದಿಂದಲೇ ಬಂದವರು. ಅವರ ಹೆಸರಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಚಿತ್ರಶಾಲೆಯೇ ಇದೆ, ಅದು ಇರಬೇಕಾದದ್ದೇ. ಆದರೆ ಗೋಡೆಗೆ, ಬುಟ್ಟಿಗೆ ಬರೆದ ಹೆಂಗಸರಲ್ಲಿ ಎಷ್ಟು ಜನರ ಹೆಸರು ಎಲ್ಲಿ ಉಳಿದಿದೆ?

ಅವತ್ತು ಸಂಜೆಯೇ ಚೀಟಿ ಬದಲಾಯಿಸಿದೆವು. ನಾಲ್ವರ ಹೆಸರು, ಊರು. ಯಾರ ಹೆಸರು ಮೊದಲು ಅಂತ ಅವರೇ ಕೂತು ತೀರ್ಮಾನ ಮಾಡಿದರು. ಹಿರಿಯರದ್ದು ಮೊದಲು. ಅವರಿಗೆ ಓದಲು ಬರುವುದಿಲ್ಲ. ಕಿರಿಯಾಕೆ ಬೆರಳಿಟ್ಟು ತೋರಿಸಿ, "ನೋಡೇ ಅಮ್ಮ, ಇದು ನೀನು" ಅಂದಳು. ಪ್ರದರ್ಶನ ಮುಗಿದಾಗ ಆ ಚೀಟಿ ಬೇಕು ಅಂತ ಕೇಳಿ ತೆಗೆದುಕೊಂಡು ಹೋದರು. ಅಲ್ಲಿಂದ ಮುಂದೆ ನಮ್ಮಲ್ಲಿ ಹೆಸರಿಲ್ಲದ ವಸ್ತು ಗೋಡೆ ಏರುವುದಿಲ್ಲ. ಹೆಸರು ಸಿಗದಿದ್ದರೆ ಯಾರ ಮನೆಯಿಂದ ಬಂತು ಅಂತಾದರೂ ಬರೆಯುತ್ತೇವೆ.

ಡಿಸೆಂಬರಿನಲ್ಲಿ ಗಂಧ, ಮರ ಕೆತ್ತುವ ಗುಡಿಗಾರರ ಉಳಿಗಳು. ಕೆತ್ತಿದ ಮೂರ್ತಿ, ಪೆಟ್ಟಿಗೆ ಎಲ್ಲ ಅಂಗಡಿಯಲ್ಲಿ ನೋಡಲು ಸಿಗುತ್ತವೆ. ಹಾಗಾಗಿ ನಾವು ಉಪಕರಣ ಮಾತ್ರ ಇಟ್ಟೆವು. ಅಕ್ಕಿ ಕಾಳಿನಷ್ಟು ಅಗಲದ ಉಳಿಯಿಂದ ಹಿಡಿದು ಎರಡು ಬೆರಳು ಅಗಲದ ಉಳಿವರೆಗೆ. ಹಿಡಿಗಳು ಕೈಬೆವರಿಗೆ ಕಪ್ಪಾಗಿ ನುಣ್ಣಗಾಗಿದ್ದವು. ಗುಡಿಗಾರರು ಬೆಂಡಿನಿಂದ ಮಾಡುವ ಬಾಸಿಂಗವನ್ನೂ ಇಟ್ಟಿದ್ದೆವು. ಶ್ರೀಗಂಧ ಸಿಗುವುದೇ ಕಷ್ಟವಾದ ಮೇಲೆ ಶಿವನೆಯಂಥ ಮರದಲ್ಲಿ ಕೆತ್ತುವವರೇ ಜಾಸ್ತಿ. 2001ರ ತಿದ್ದುಪಡಿಯವರೆಗೆ ನಿಮ್ಮ ಹಿತ್ತಲಲ್ಲಿ ಬೆಳೆದ ಗಂಧದ ಮರವೂ ಸರ್ಕಾರದ್ದೇ ಆಗಿತ್ತು. ಇನ್ನು ಅದನ್ನು ಬೆಳೆಸುವವರು ಯಾರು? ಈ ಪ್ರದರ್ಶನಕ್ಕೆ ಜನ ಕಡಿಮೆ ಬಂದರು. ನಮ್ಮ ಜೋಡಣೆಯಲ್ಲಿ ಏನೋ ಕೊರತೆ ಇತ್ತು. ಉಳಿ ಹಿಡಿದ ಕೈ ಅಲ್ಲಿರಬೇಕಿತ್ತು. ಇನ್ನೊಮ್ಮೆ ಮಾಡಿದಾಗ ಕೆತ್ತುವವರನ್ನೇ ಕೂರಿಸುತ್ತೇವೆ.

ಜನವರಿಯಲ್ಲಿ ಧಾರವಾಡದ ಕಡೆಯ ಕಸೂತಿ. ಸಾಗರಕ್ಕೂ ಧಾರವಾಡಕ್ಕೂ ಏನು ಸಂಬಂಧ ಅನ್ನಬಹುದು. ನಮ್ಮ ಊರಲ್ಲಿ ಆ ಕಡೆಯಿಂದ ಮದುವೆಯಾಗಿ ಬಂದವರು, ಕೆಲಸಕ್ಕೆ ಬಂದವರು ಬೇಕಾದಷ್ಟು ಇದ್ದಾರೆ. ಅವರ ಪೆಟ್ಟಿಗೆಯಲ್ಲಿ ಅಜ್ಜಿಯ ಕಾಲದ ಸೀರೆಗಳಿದ್ದವು. ಒಂದು ಕಪ್ಪು ಚಂದ್ರಕಾಳಿ ಸೀರೆ ಬಂತು. ಮೈತುಂಬ ಗೋಪುರ, ತೇರು, ಆನೆ, ತುಳಸಿ ಕಟ್ಟೆ.

ಕಸೂತಿಯಲ್ಲಿ ನಾಲ್ಕು ಹೊಲಿಗೆ. ಗವಂತಿ, ಮುರಗಿ, ನೇಗಿ, ಮೆಂತೆ. ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕಬೇಕು, ಮುಂಚೆ ಗುರುತು ಮಾಡಿಕೊಳ್ಳುವ ಹಾಗಿಲ್ಲ, ಗಂಟೂ ಹಾಕುವ ಹಾಗಿಲ್ಲ. ಗವಂತಿ, ಮುರಗಿಯಲ್ಲಿ ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣುತ್ತದೆ. ದಾರ ಒಂದು ಸಲ ಬಿಟ್ಟು ಬಿಟ್ಟು ಮುಂದಕ್ಕೆ ಹೋಗಿ, ವಾಪಸ್ ಬರುವಾಗ ಬಿಟ್ಟ ಜಾಗ ತುಂಬಿಕೊಂಡು ಬರುತ್ತದೆ. ಇದನ್ನು ಗೋಡೆಗೆ ಒರಗಿಸಿ ತೋರಿಸಿದರೆ ಅರ್ಧ ಕಲೆ ಗೋಡೆಯ ಪಾಲು. ಅದಕ್ಕೆ ಮಾಡಿನ ತೊಲೆಯಿಂದ ಬಿದಿರು ಗಳ ಇಳಿಬಿಟ್ಟು, ಸೀರೆಗಳನ್ನು ಕೋಣೆಯ ನಡುವೆ ಹರವಿದೆವು. ಜನ ಸೀರೆಯ ಸುತ್ತ ತಿರುಗಿ, ಈ ಕಡೆಯಿಂದ ಒಮ್ಮೆ, ಆ ಕಡೆಯಿಂದ ಒಮ್ಮೆ ನೋಡಿದರು. ಎರಡು ಸೀರೆ ನಡುವೆ ಎದುರಾದವರು ನಕ್ಕು ಮಾತಾಡಿದರು.

'ಮುಟ್ಟಬೇಡಿ' ಅಂತ ಬೋರ್ಡ್ ಹಾಕಲೇಬೇಕಾಯಿತು. ಹಳೆಯ ಬಟ್ಟೆ, ಕೈ ಬೆವರು ತಾಗಿದರೆ ಕೆಡುತ್ತದೆ. ಆದರೆ ಗಂಟಿಲ್ಲ ಅನ್ನುವುದು ಬೆರಳಿಗೆ ಗೊತ್ತಾಗಬೇಕಲ್ಲ? ಧಾರವಾಡದ ಮೂಲದ ಒಬ್ಬ ಅಕ್ಕ ಅದಕ್ಕೆ ದಾರಿ ಹೇಳಿದರು. ಕಲಿಯುವವರು ಬಳಸುವ ಮ್ಯಾಟಿ ಬಟ್ಟೆಯ ಮೇಲೆ ಒಂದು ಗೋಪುರ ಹೊಲಿದು ಬೆಂಚಿನ ಮೇಲೆ ಇಟ್ಟರು. ಪಕ್ಕದಲ್ಲಿ ಸೂಜಿ ದಾರ. ಬಂದವರೆಲ್ಲ ಅದಕ್ಕೆ ಒಂದೊಂದು ಹೊಲಿಗೆ ಹಾಕಬಹುದು. ಆಟೋ ಓಡಿಸುವ ಒಬ್ಬರು ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಬಂದು ಹತ್ತು ನಿಮಿಷ ಕೂತು ಹೊಲಿಯುತ್ತಿದ್ದರು. ಅವರ ಗೆರೆ ಎಲ್ಲರಿಗಿಂತ ನೇರವಾಗಿತ್ತು. ಅವರು ಒಂದು ದಿನವೂ ಒಳಗೆ ಬರಬಹುದಾ ಅಂತ ಕೇಳಲಿಲ್ಲ. ಅದನ್ನು ನಾನು ಗಮನಿಸಿದ್ದು ಫೆಬ್ರವರಿಯಲ್ಲಿ.

ಅಲ್ಲಿಗೆ ನನಗೆ ಒಂದು ವಿಷಯ ಖಾತ್ರಿಯಾಯಿತು. ಸಣ್ಣ ಊರಿನ ಗ್ಯಾಲರಿ ಬರೀ ನೋಡಿ ಹೋಗುವ ಜಾಗವಾಗಿ ಉಳಿಯುವುದಿಲ್ಲ. ಜನ ಅದಕ್ಕೆ ಏನಾದರೂ ಮಾಡಬೇಕು. ಬುಟ್ಟಿ ವಾಪಸ್ ಒಯ್ಯಬೇಕು, ಚೀಟಿ ತಿದ್ದಿಸಬೇಕು, ಬಟ್ಟೆಗೆ ಸೂಜಿ ಹಾಕಬೇಕು. ಆಗ ಅದು ಅವರದ್ದಾಗುತ್ತದೆ. ಮಾರ್ಚಿನಲ್ಲಿ ಆದದ್ದು ಇದನ್ನೂ ಮೀರಿಸಿತು.

ಮಾರ್ಚಿನದ್ದು ಜಲವರ್ಣ. ದಾವಣಗೆರೆಯಲ್ಲಿ ಚಿತ್ರಕಲೆ ಓದಿ ಬಂದ ನಮ್ಮೂರ ಹುಡುಗನ ಮೊದಲ ಏಕವ್ಯಕ್ತಿ ಪ್ರದರ್ಶನ. ಬೇಸಿಗೆಯಲ್ಲಿ ಲಿಂಗನಮಕ್ಕಿ ಹಿನ್ನೀರು ಇಳಿದಾಗ ಕಾಣುವ ನೆಲವನ್ನು ಅವನು ಎರಡು ವರ್ಷ ಕೂತು ಬರೆದಿದ್ದ. ನಿಮಗೆ ಗೊತ್ತು, ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಪೂರ್ತಿ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಊರುಗಳು, ಗದ್ದೆ, ತೋಟ, ದೇವಸ್ಥಾನ ಎಲ್ಲ ಅಡಿಗೆ ಹೋದವು. ನಮ್ಮ ಕಡೆ 'ಮುಳುಗಡೆ' ಅಂದರೆ ಸಾಕು, ಬೇರೆ ವಿವರಣೆ ಬೇಡ. ನೀರು ಪೂರಾ ಇಳಿದ ವರ್ಷ ಅದಕ್ಕೂ ಮುಂಚೆ ಕಟ್ಟಿದ್ದ ಮಡೆನೂರು ಅಣೆಕಟ್ಟು ಮೇಲೆ ಬರುತ್ತದೆ. ಸತ್ತ ಮರಗಳ ಬೊಡ್ಡೆ, ಬಿರುಕು ಬಿಟ್ಟ ಕೆಸರು. ಅವನ ಚಿತ್ರಗಳಲ್ಲಿ ಇದ್ದದ್ದು ಇವೇ. ಕಂದು, ಬೂದಿ, ಎಲ್ಲೋ ಒಂದು ಕಡೆ ನೀರಿನ ತೆಳು ನೀಲಿ.

ಪ್ರದರ್ಶನಕ್ಕೆ ಮೂರು ದಿನ ಇರುವಾಗ ಪ್ಯಾಕ್ ಬಿಚ್ಚಿದೆವು. ನನ್ನ ಎದೆ ಧಸಕ್ಕೆಂದಿತು. ಗಾಜಿನ ಒಳಗೆ ಬೂಷ್ಟು. ಹಿಂದಿನ ಮಳೆಗಾಲದಲ್ಲೇ ಫ್ರೇಮ್ ಹಾಕಿಸಿ ಇಟ್ಟಿದ್ದ. ಅಂಗಡಿಯವರು ಹಿಂದಕ್ಕೆ ಸಾದಾ ರಟ್ಟು ಕೊಟ್ಟು, ಗಾಜನ್ನು ಕಾಗದಕ್ಕೆ ತಾಗಿಸಿಯೇ ಮೊಳೆ ಹೊಡೆದಿದ್ದರು. ಗಾಳಿಯ ತೇವ ನೂರಕ್ಕೆ 70 ದಾಟಿದರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ನಮ್ಮ ಜುಲೈ ಆಗಸ್ಟಿನಲ್ಲಿ ಅದು ದಾಟದ ದಿನವೇ ಅಪರೂಪ. ರಟ್ಟು ತೇವ ಕುಡಿದಿದೆ, ಗಾಜು ಅದನ್ನು ಹೊರಗೆ ಬಿಟ್ಟಿಲ್ಲ. ನಿಮ್ಮಲ್ಲಿ ಮಲೆನಾಡಿನವರು ಇದನ್ನು ದಯವಿಟ್ಟು ನೆನಪಿಡಿ. ಗಾಜಿಗೂ ಕಾಗದಕ್ಕೂ ನಡುವೆ ಮೌಂಟ್, ಅಂದರೆ ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟಿನ ಅಂಚು, ಇರಲೇಬೇಕು, ಹಿಂದೆ ಆಮ್ಲ ಇಲ್ಲದ ಬೋರ್ಡೇ ಬೇಕು, ಫ್ರೇಮ್ ಹಾಕಿಸುವುದಿದ್ದರೆ ಒಣ ಬೇಸಿಗೆಯಲ್ಲಿ ಹಾಕಿಸಿ.

ಆ ರಾತ್ರಿ ಎಲ್ಲ ಫ್ರೇಮ್ ಬಿಚ್ಚಿದೆವು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆಯ ಒಣ ಬ್ರಷ್ಷಿನಲ್ಲಿ ಬೂಷ್ಟು ಮೆಲ್ಲಗೆ ಕೊಡವಿ, ನೆರಳಲ್ಲಿ ಫ್ಯಾನಿನ ಕೆಳಗೆ ಹರವಿದೆವು. ಹುಡುಗ ಒಂದು ಮಾತೂ ಆಡಲಿಲ್ಲ. ಎರಡು ಚಿತ್ರ ಪೂರ್ತಿ ಹಾಳಾಗಿದ್ದವು. ಉಳಿದವು ಬಚಾವಾದವು. ಮತ್ತೆ ಫ್ರೇಮ್ ಹಾಕಿಸಲು ದುಡ್ಡೂ ಇಲ್ಲ, ಸಮಯವೂ ಇಲ್ಲ. ಚಿತ್ರಗಳನ್ನು ಬೈಂಡರ್ ಕ್ಲಿಪ್ ಹಾಕಿ ಹಾಗೇ ತೂಗಿಬಿಟ್ಟೆವು. ಗಾಜಿಲ್ಲ, ಚೌಕಟ್ಟಿಲ್ಲ. ಸುಣ್ಣದ ಗೋಡೆಯ ಮೇಲೆ ಬರೀ ಕಾಗದ. ಬೆಳಕನ್ನು ಅಳೆಯುವುದು ಲಕ್ಸ್‌ನಲ್ಲಿ. ಜಲವರ್ಣಕ್ಕೆ 50 ಲಕ್ಸ್ ಸಾಕು ಅನ್ನುತ್ತಾರೆ, ಹೊರಗಿನ ನಡು ಮಧ್ಯಾಹ್ನದ ಬಿಸಿಲು ಒಂದು ಲಕ್ಷ ಲಕ್ಸ್ ಇರುತ್ತದೆ. ಹಾಗಾಗಿ ಕಿಟಕಿಗಳಿಗೆ ಗೋಣಿ ಇಳಿಬಿಟ್ಟು ಕೋಣೆಯನ್ನು ಮಂದ ಮಾಡಿದ್ದೆವು.

ಮೂರನೇ ದಿನ ಒಬ್ಬರು ಹಿರಿಯರು ಬಂದರು. ಎಂಬತ್ತು ದಾಟಿರಬೇಕು. ಮೊಮ್ಮಗ ಕೈ ಹಿಡಿದಿದ್ದ. ಒಂದು ಚಿತ್ರದ ಮುಂದೆ ನಿಂತರು. ಎಡಗಡೆ ಗುಡ್ಡದ ಸಾಲು, ನಡುವೆ ಬೊಡ್ಡೆಗಳು, ಬಲಗಡೆ ಕೆಸರಿನ ಬಯಲು. ತುಂಬ ಹೊತ್ತು ಗುಡ್ಡವನ್ನೇ ನೋಡಿದರು. ಆಮೇಲೆ ಬೆರಳು ಎತ್ತಿದರು. ಬೆರಳು ಕೆಸರಿನ ಬಯಲಿನ ಮೇಲೆ ಬಲಕ್ಕೆ ಸಾಗಿತು. ಕಾಗದ ಮುಗಿಯಿತು. ಬೆರಳು ನಿಲ್ಲಲಿಲ್ಲ. ಗೋಡೆಯ ಮೇಲೆ ಇನ್ನೊಂದು ಮೊಳ ಹೋಗಿ ನಿಂತಿತು. "ನಮ್ಮನೆ ಇಲ್ಲಿ" ಅಂದರು. ಇತ್ತು ಅನ್ನಲಿಲ್ಲ.

ಹುಡುಗ ಪಕ್ಕದಲ್ಲೇ ಇದ್ದ. ಜೇಬಿನಿಂದ ಪೆನ್ಸಿಲ್ ತೆಗೆದು, ಆ ಬೆರಳು ಇದ್ದ ಜಾಗದಲ್ಲಿ ಗೋಡೆಯ ಮೇಲೆ ಒಂದು ಚುಕ್ಕೆ ಇಟ್ಟ. ಮನೆಯ ಹೆಸರು ಕೇಳಿ ಸಣ್ಣಗೆ ಬರೆದ. ಹಿರಿಯರು ಮತ್ತೆ ಬೆರಳು ಸರಿಸಿದರು. ಇಲ್ಲಿ ಬಾವಿ. ಇಲ್ಲಿ ಭೂತನ ಕಟ್ಟೆ. ಇಲ್ಲಿಂದ ಶಾಲೆಗೆ ಹೋಗುವ ದಾರಿ.

ಆಮೇಲೆ ಸುದ್ದಿ ಹರಡಿತು. ಮುಳುಗಡೆಯಾದವರು ಎಲ್ಲೆಲ್ಲೋ ಹೋಗಿ ನೆಲೆಸಿದ್ದಾರೆ, ಅದು ನಿಮಗೆ ಗೊತ್ತೇ ಇದೆ. ಎಷ್ಟೋ ಜನರಿಗೆ ಕೊಟ್ಟ ಭೂಮಿಯ ಹಕ್ಕುಪತ್ರದ ಗೋಳು ಇವತ್ತಿಗೂ ಮುಗಿದಿಲ್ಲ. ಅವರು ಮಕ್ಕಳ ಬೈಕಿನಲ್ಲಿ, ಬಸ್ಸಿನಲ್ಲಿ, ಲಾಂಚ್ ದಾಟಿಕೊಂಡು ಬಂದರು. ಅಕ್ಕಪಕ್ಕದ ಮನೆಯವರಾಗಿದ್ದವರು ಅರವತ್ತು ವರ್ಷದ ಮೇಲೆ ಆ ಗೋಡೆಯ ಮುಂದೆ ಸಿಕ್ಕರು. "ನಿಮ್ಮ ಗದ್ದೆ ಅಷ್ಟು ದೂರ ಎಲ್ಲಿತ್ತು ಮಾರಾಯ, ಹೊಳೆಗೆ ತಾಗಿಕೊಂಡೇ ಇತ್ತಲ್ಲ" ಅಂತ ವಾದ ನಡೆಯಿತು. ಚುಕ್ಕೆ ಅಳಿಸಿ ಸರಿಸಿದ್ದೂ ಆಯಿತು. ತಿಂಗಳ ಕೊನೆಗೆ ಒಂದು ಚಿತ್ರದಿಂದ ಇನ್ನೊಂದು ಚಿತ್ರದವರೆಗೆ ಗೋಡೆ ತುಂಬ ಮನೆ, ದಾರಿ, ಕಟ್ಟೆ, ಹೊಳೆಯ ಹೆಸರುಗಳು.

ನಾನು ಯೋಚಿಸುತ್ತೇನೆ. ಚೌಕಟ್ಟು ಇದ್ದಿದ್ದರೆ ಆ ಬೆರಳು ಮರದ ಅಂಚಿಗೆ ತಾಗಿ ಅಲ್ಲೇ ನಿಂತುಬಿಡುತ್ತಿತ್ತು. ಹಾಳಾದ ಆ ಎರಡು ಚಿತ್ರಗಳ ಬಗ್ಗೆ ನನಗೆ ಈಗಲೂ ಸಂಕಟ ಇದೆ. ಅದು ಬೇರೆ ಮಾತು.

ದುಡ್ಡಿನ ವಿಷಯ ಎಲ್ಲರೂ ಕೇಳುತ್ತಾರೆ. ಬಾಡಿಗೆ, ಕರೆಂಟು ಬಿಲ್ಲು ಊರವರ ವಂತಿಗೆಯಿಂದ ನಡೆಯುತ್ತದೆ. ಚಿತ್ರ ಮಾರಾಟವಾದರೆ ನಾವು ನೂರಕ್ಕೆ ಹತ್ತು ಇಟ್ಟುಕೊಳ್ಳುತ್ತೇವೆ, ಪೇಟೆಯ ಗ್ಯಾಲರಿಗಳು ಮೂವತ್ತರಿಂದ ಐವತ್ತು ಇಟ್ಟುಕೊಳ್ಳುವುದುಂಟು. ಮಾರಾಟಕ್ಕೆ ಬೆಂಗಳೂರಿನ ಚಿತ್ರಸಂತೆ ಇದೆ. ಚಿತ್ರಕಲಾ ಪರಿಷತ್ತು 2003ರಿಂದ ನಡೆಸುತ್ತಿರುವ ಅದರಲ್ಲಿ ಕುಮಾರಕೃಪಾ ರಸ್ತೆಯೇ ಒಂದು ದಿನದ ಮಟ್ಟಿಗೆ ಗ್ಯಾಲರಿಯಾಗುತ್ತದೆ. ನಮ್ಮ ಹುಡುಗರನ್ನು ನಾನೇ ಅಲ್ಲಿಗೆ ಕಳಿಸುತ್ತೇನೆ. ನಮ್ಮ ಗೋದಾಮಿನ ಕೆಲಸ ಬೇರೆ.

ಏಪ್ರಿಲಿನಲ್ಲಿ ಮಕ್ಕಳ ಬೇಸಿಗೆ ಶಿಬಿರದ ಚಿತ್ರಗಳು. ಗದ್ದಲ, ಬಣ್ಣ, ಅಪ್ಪ ಅಮ್ಮಂದಿರ ಫೋನುಗಳು. ಅದನ್ನು ನಿಮಗೆ ಹೇಳಬೇಕಾಗಿಲ್ಲ.

ಮೇ ಕೊನೆಗೆ ಗೋಡೆಗೆ ಸುಣ್ಣ ಬಳಿಯಬೇಕು. ಪಡುಗೋಡೆಯ ಹಸೆ ಚಿತ್ತಾರ ಅಲ್ಲಿಯವರೆಗೂ ಹಾಗೇ ಇತ್ತು. ಅದನ್ನು ಉಳಿಸಬೇಕು, ಮೇಲೆ ಏನಾದರೂ ವಾರ್ನಿಷ್ ಹೊಡೆಸೋಣ ಅಂತ ನಮ್ಮಲ್ಲೇ ಕೆಲವರು ಹೇಳಿದರು. ಬರೆದವರಿಗೆ ಫೋನ್ ಮಾಡಿ ಕೇಳಿದೆ. ಆ ಕಡೆಯಿಂದ ಹಿರಿಯಾಕೆ, "ಒಂದು ಮಳೆಗಾಲ ಕಂಡ ಮೇಲೆ ಅದರಲ್ಲೇನೈತೆ. ಸಾರಿಸಿ ಬಿಡಿ. ಮತ್ತೆ ಬರ್ದ್ರಾತು" ಅಂದರು. ಅವರೇ ಬಂದು ಕೆಮ್ಮಣ್ಣಿನಲ್ಲಿ ಸಾರಿಸಿದರು. ಅರ್ಧ ಗಂಟೆಯಲ್ಲಿ ಗೋಡೆ ಬರೀ ಕೆಂಪು.

ಎದುರಿನ ಗೋಡೆಗೆ ಸುಣ್ಣದ ಬಕೆಟ್ ಹಿಡಿದು ಬಂದವನು ಪೆನ್ಸಿಲ್ ಗುರುತುಗಳನ್ನು ನೋಡಿ ಕೈ ತಡೆದ. ಅವನ ಅಜ್ಜನ ಮನೆಯೂ ಅಲ್ಲಿತ್ತು, ಕಿಟಕಿಯ ಪಕ್ಕ, ಎರಡನೇ ಚುಕ್ಕೆ. ಅಷ್ಟು ಜಾಗ ಬಿಟ್ಟು ಸುತ್ತ ಬಳಿದ. ಹಿರಿಯಾಕೆಯನ್ನೇ ಕೇಳಿದೆ, ಇದನ್ನೂ ಸಾರಿಸಬೇಕಾ ಅಂತ. ಅವರು ಹತ್ತಿರ ಹೋಗಿ ನೋಡಿದರು, ಮಗಳ ಹತ್ತಿರ ಒಂದೆರಡು ಹೆಸರು ಓದಿಸಿಕೊಂಡರು. "ಇದು ಇರ್ಲಿ. ಇದನ್ನ ಮತ್ತೆ ಬರೆಯೋರು ಯಾರು?" ಅಂದರು.

ಈ ವರ್ಷ ನವರಾತ್ರಿ ಮುಗಿದ ಕೂಡಲೇ ಬಾಗಿಲು ತೆಗೆಯುತ್ತೇವೆ. ಆಮಂತ್ರಣದಲ್ಲಿ ಬುಟ್ಟಿಗಳು ಹಬ್ಬಕ್ಕೆ ಹೋಗುವ ದಿನ, ವಾಪಸ್ ಬರುವ ದಿನ ಎರಡನ್ನೂ ಅಚ್ಚು ಹಾಕಿಸಿದ್ದೇವೆ. ಪೆನ್ಸಿಲ್ ಗೋಡೆಯ ಮುಂದೆ ಬೆಂಚು ಇದೆ. ಬನ್ನಿ.